ಯಾರಿಗೂ ಅಲ್ಲದ ಮಫ್ಲರ್

ನಾನು ಒಂದು ಮಫ್ಲರ್. ಅಂಗಡಿಯ ಗಾಜಿನ ಹಿಂದೆ ಮಡಚಿಕೊಂಡು ಕೂತಿರುವವುಗಳ ಪೈಕಿ ಅಲ್ಲ. ಗದಗಿನ ಒಂದು ಓಣಿಯಲ್ಲಿ, ಹಳೇ ಬಿಸ್ಕತ್ತಿನ ಡಬ್ಬಿಯೊಳಗೆ ಬಿದ್ದಿದ್ದ ಉಳಿಕೆ ಉಲನ್ನಿನಿಂದ ಹುಟ್ಟಿದೆ. ಶಾಲೆ ಮಕ್ಕಳ ಸ್ವೆಟರಿಗೆ ತಂದು ಉಳಿದ ಹಸಿರು, ಯಾರೋ ಮುದುಕರ ಟೋಪಿಯ ಕಂದು, ಯಾವುದೋ ಶಾಲಿನ ಅಂಚಿನ ಹಳದಿ. ಒಂದು ಪಟ್ಟೆಗೂ ಇನ್ನೊಂದು ಪಟ್ಟೆಗೂ ಸಂಬಂಧವಿಲ್ಲ. ಉಳಿದದ್ದು ಅಂದರೆ ಜನಕ್ಕೆ ಸಸಾರ. ಅದಕ್ಕೇ ಏನೋ, ನನಗೆ ಹುಟ್ಟಿನಿಂದಲೇ ಸಿಟ್ಟು.

ನನ್ನನ್ನು ಹೆಣೆದವಳು ಕಸ್ತೂರೆವ್ವ. ಆರ್ಡರ್ ಹಿಡಿದು ಸ್ವೆಟರ್ ಹೆಣೆಯುವುದು ಅವಳ ಕೆಲಸ. ಆಗ ಅವಳ ಸೊಸೆ ದಾಕ್ಷಾಯಣಿ ಬಸುರಿ. ಹಿಂದಿನ ಸಲ ಬಸುರಾದಾಗ ಕಸ್ತೂರೆವ್ವ ಸಂತೋಷ ತಡೆಯಲಾರದೆ ಮೊದಲೇ ಕೂಸಿನ ತಲೆಗೊಂದು ಕುಲಾವಿ ಹೆಣೆದಿಟ್ಟಿದ್ದಳು. ಕೂಸು ಉಳಿಯಲಿಲ್ಲ. ಡಾಕ್ಟರು ಹೇಳಿದ ಕಾರಣ ಬೇರೆ. ಆದರೆ ಎದುರು ಮನೆಯ ಸಾವಂತ್ರೆವ್ವ ಬಂದವಳು, "ಕೂಸು ಹುಟ್ಟೂಕಿಂತ ಮೊದ್ಲ ಯಾರರ ಕುಲಾವಿ ಹೆಣೀತಾರೇನಬೇ? ಅದಕ್ಕ ಹಿಂಗಾತು ನೋಡು" ಅಂದುಬಿಟ್ಟಳು. ಅಂದವಳು ಮನೆಗೆ ಹೋಗಿ ಆರಾಮಾಗಿ ರೊಟ್ಟಿ ಬಡಿದಳು. ಕಸ್ತೂರೆವ್ವನ ಎದೆಯಲ್ಲಿ ಆ ಮಾತು ಮುರಿದ ಸೂಜಿಯ ಹಾಗೆ ಉಳಿದುಹೋಯಿತು. ಇಂಥ ಬಾಯಿಗಳನ್ನು ಹೊಲಿಯುವ ದಾರ ಯಾವ ಅಂಗಡಿಯಲ್ಲಿ ಸಿಗುತ್ತದೆ, ನನಗೆ ಗೊತ್ತಿಲ್ಲ.

ಈ ಸಲ ಅವಳು ಕೂಸಿಗೆಂದು ಒಂದು ಎಳೆ ಮುಟ್ಟಲಿಲ್ಲ. ಆದರೆ ಕೈ ಸುಮ್ಮನಿರಬೇಕಲ್ಲ? ಡಬ್ಬಿ ತೆಗೆದಳು, ನನ್ನನ್ನು ಶುರು ಮಾಡಿದಳು. ಯಾರಿಗೆ ಅಂತ ಕೇಳಿದರೆ, "ಯಾರಿಗೂ ಅಲ್ಲ" ಅನ್ನುತ್ತಿದ್ದಳು. ನನ್ನನ್ನು ಮುಗಿಸಿದರೆ ಕೈ ಮತ್ತೆ ಕುಲಾವಿಯ ಕಡೆ ಹೋದೀತು ಎಂಬ ಹೆದರಿಕೆ. ಹಾಗಾಗಿ ಮುಗಿಸಲೇ ಇಲ್ಲ. ನಾನು ಬೆಳೆದೆ, ಬೆಳೆದೆ, ಮಂಚದಿಂದ ಇಳಿದು ಹೊಸ್ತಿಲು ಮುಟ್ಟಿದೆ.

ಮಗ ಫಕ್ಕೀರಪ್ಪನದು ಪಂಕ್ಚರ್ ಅಂಗಡಿ. ಸಂಜೆ ಬಂದವನೇ ನನ್ನನ್ನು ಎಡವಿ ಕೂಗಿದ.

"ಯವ್ವಾ, ಇದೇನ ಮಫ್ಲರೋ, ಬಾವಿ ಹಗ್ಗೋ? ಪಟ್ಟಾಪಟ್ಟಿ ಚಡ್ಡಿ ಹರದು ಜೋಡ್ಸಿದಂಗೈತಿ!"

"ನಿನ್ನ ಚಡ್ಡಿ ಮುಟ್ಟಿಲ್ಲೇಳು. ಕೈಕಾಲು ತೊಳ್ಕೊಂಡು ಊಟಕ್ಕ ಕುಂದ್ರು."

ದಿನ ತುಂಬುವ ಮೊದಲೇ ದಾಕ್ಷಾಯಣಿಗೆ ನೋವು ಶುರುವಾಯಿತು. ಕಸ್ತೂರೆವ್ವ ನನ್ನನ್ನು ಕಡ್ಡಿ ಸಮೇತ ಚೀಲಕ್ಕೆ ತುರುಕಿಕೊಂಡು ಆಸ್ಪತ್ರೆಗೆ ಓಡಿದಳು. ಅಲ್ಲಿನ ಬೆಂಚಿನ ಮೇಲೆ ಮತ್ತೆ ಹೆಣೆಯತೊಡಗಿದಳು. ಕಣ್ಣೆಲ್ಲ ಒಳಗಿನ ಬಾಗಿಲ ಮೇಲೆ, ಹಾಗಾಗಿ ನನ್ನ ಕೊನೆಯ ಪಟ್ಟೆ ಇವತ್ತಿಗೂ ಸೊಟ್ಟ. ಕೂಸು ಅತ್ತಿತು ಎಂದು ಒಳಗಿನಿಂದ ಸುದ್ದಿ ಬಂದ ಮೇಲೆಯೇ ಕೊನೆಯ ಕುಣಿಕೆ ಮುಚ್ಚಿ ದಾರ ಹರಿದಳು.

ಹೆಣ್ಣು ಕೂಸು. ಅಳಿಲಿನಷ್ಟಿತ್ತು. ಮೈಯಲ್ಲಿ ಬಿಸಿ ನಿಲ್ಲುತ್ತಿರಲಿಲ್ಲ. ತಾಯಿಗೆ ಬಿಪಿ ಏರಿ ಬೇರೆ ವಾರ್ಡಿಗೆ ಒಯ್ದಿದ್ದರು. ನರ್ಸ್ ಬಂದು ಫಕ್ಕೀರಪ್ಪನಿಗೆ ಹೇಳಿದಳು: "ಅಂಗಿ ಬಿಚ್ರಿ. ಕೂಸಿನ್ನ ಬರೇ ಎದಿಗೆ ಹಚ್ಕೊಂಡು ಕೂಡ್ರಬೇಕು."

"ನಾನ? ನಾ ಗಂಡಸ್ರಿ, ಸಿಸ್ಟರ್!"

"ಹೌದೇನ್ರಿ? ನೋಡೇ ಇರ್ಲಿಲ್ಲ. ಬಿಚ್ರಿ ಲಗೂನ. ಅಮ್ಮಾರ, ಮ್ಯಾಲ ಕಟ್ಟಾಕ ಉದ್ದನ್ದು ಬೇಕು, ಆ ಪಟ್ಟಿ ಪಟ್ಟಿದು ಕೊಡ್ರಿ."

ಕಸ್ತೂರೆವ್ವ ನನ್ನನ್ನು ಎದೆಗೆ ಅವುಚಿಕೊಂಡಳು. "ಬ್ಯಾಡ್ರಿ ಯವ್ವಾ! ಇದು ಕೂಸು ಹುಟ್ಟೂಕಿಂತ ಮೊದ್ಲ ಹೆಣದದ್ದು."

ನನಗೆ ಕೂಗಬೇಕೆನಿಸಿತು. ಬಾಯಿಲ್ಲವಲ್ಲ. ಕೂಸಿನ ಕಾಲು ನೀಲಿಗಟ್ಟುತ್ತಿತ್ತು.

ಫಕ್ಕೀರಪ್ಪ ಅಂಗಿ ಬಿಚ್ಚಿ ನಿಂತಿದ್ದ. ಮೆಲ್ಲಗೆ ಕೇಳಿದ, "ಯವ್ವಾ, ಇದನ್ನ ಯಾರಿಗಂತ ಹೆಣದಿ?"

"ಯಾರಿಗೂ ಅಲ್ಲಪಾ."

"ಹಂಗಿದ್ರ ನನಗ ಕೊಡು. ಎದಿ ನಂದು, ಕಟ್ಟೂದು ನನಗ. ಕೂಸು ಒಳಗ ಸುಮ್ನ ಇರ್ತೈತಿ."

ಅವಳು ಮಗನ ಮುಖ ನೋಡಿದಳು. ಬೆರಳು ಒಂದೊಂದಾಗಿ ಸಡಿಲವಾದವು.

ಕೂಸಿನ ಬೆನ್ನಿಗೆ ಮೆತ್ತನೆಯ ಹತ್ತಿ ಬಟ್ಟೆ, ಅದರ ಮೇಲೆ ನಾನು. ಸುತ್ತು ಹಾಕಿ ಬಿಗಿದರೂ ಇನ್ನೂ ಉಳಿದೆ. ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಫಕ್ಕೀರಪ್ಪ ಕಣ್ಣು ಬಿಟ್ಟ ರೀತಿಗೆ ನಗು ಅಲ್ಲೇ ನಿಂತಿತು. ಅವನ ಎದೆ ದಬದಬ ಹೊಡೆದುಕೊಳ್ಳುತ್ತಿತ್ತು, ಕೂಸಿನದು ಪುಟಪುಟ. ಬಹಳ ಹೊತ್ತಿನ ಮೇಲೆ ನರ್ಸ್ ಬಂದು ಕೂಸಿನ ಅಂಗಾಲು ಮುಟ್ಟಿದಳು. "ಬೆಚ್ಚಗಾಗ್ಯಾವ ನೋಡ್ರಿ" ಅಂದಳು. ಕಸ್ತೂರೆವ್ವ ಅಲ್ಲೇ ನೆಲಕ್ಕೆ ಕೂತು ಜೋರಾಗಿ ಅತ್ತಳು. ನನ್ನ ಪ್ರತಿ ಕುಣಿಕೆಯೂ ಸಡಿಲವಾದಂತಾಯಿತು. ದಾಕ್ಷಾಯಣಿ ಚೇತರಿಸಿಕೊಂಡ ಮೇಲೆ ಅವಳ ಎದೆಗೂ ನನ್ನನ್ನೇ ಕಟ್ಟಿದರು.

ಆಮೇಲೆ ಚಳಿಗಾಲದಲ್ಲಿ ಫಕ್ಕೀರಪ್ಪನ ಕೊರಳಿಗೆ ಹೋದೆ, ಗ್ರೀಸು ಹತ್ತಿಸಿಕೊಂಡೆ. ಆಮೇಲೆ ಕಸ್ತೂರೆವ್ವನ ಮೊಣಕಾಲಿಗೆ. ಈಗ ಹಳದಿ ಪಟ್ಟೆ ಯಾವುದು, ಹಸಿರು ಯಾವುದು ಎಂದು ಹುಡುಕಬೇಕು. ಇವತ್ತು ಬೆಳಿಗ್ಗೆ ಮಂಜು ಬಿದ್ದಿತ್ತು. ಆಡಲು ಹೊರಟಿದ್ದ ಬನಶ್ರೀಯ ಕೊರಳಿಗೆ ಕಸ್ತೂರೆವ್ವ ನನ್ನನ್ನು ಸುತ್ತಿದಳು. ಅಳಿಲಿನಷ್ಟಿದ್ದ ಆ ಕೂಸೇ ಈಗ ಬನಶ್ರೀ, ಓಣಿಯಲ್ಲಿ ಹುಡುಗರನ್ನು ಅಟ್ಟಾಡಿಸುತ್ತಾಳೆ.

"ಆಯಿ, ಇದು ಚುಚ್ಚತೈತಿ! ನನಗ ಶಕಿ ಆಗ್ತೈತಿ!" ಎಂದವಳೇ ನನ್ನನ್ನು ಕಿತ್ತು ಮೂಲೆಗೆ ಎಸೆದು ಓಡಿದಳು.

ಬೇರೆ ಯಾರಾದರೂ ಹಾಗೆ ಎಸೆದಿದ್ದರೆ ಕುದಿದುಹೋಗುತ್ತಿದ್ದೆ. ಆದರೆ ಅವಳ ಕೊರಳ ಬೆವರು ನನ್ನ ಎಳೆಗಳಲ್ಲಿ ಹಸಿಯಾಗಿತ್ತು. ಅಷ್ಟು ಚಳಿಯಲ್ಲಿ ಬೆವರು! ಬಿದ್ದಲ್ಲೇ ಬಿದ್ದುಕೊಂಡಿದ್ದೇನೆ. ಅವಳ ಕೇಕೆ ಓಣಿಯ ಆ ತುದಿಯಿಂದ ಕೇಳುತ್ತಿದೆ.