ಜಯವ್ವನ ಕೆರೆ

ಬ್ಯಾಡಗಿಯ ಡ್ರಾಯಿಂಗ್ ಮಾಸ್ತರ ಮಾಲತೇಶಪ್ಪ ಬರೆದ ಕೆರೆಯ ಚಿತ್ರ ನೋಡಿ ನಗದವರೇ ಇರಲಿಲ್ಲ. ದಡ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು, ಒಂದೂ ತಿಳಿಯುವಂತಿಲ್ಲ. ಬರೀ ಮುಂಜಾವಿನ ಮಂಜು, ಅದರೊಳಗೆ ಬೂದು, ನೀಲಿ, ಒಂಚೂರು ಹಳದಿ. ಅಣ್ಣ ಗೋಣೆಪ್ಪ ಮೆಣಸಿನಕಾಯಿ ದಲಾಲಿ. ಕಾಯಿಯ ಕೆಂಪು ಬಿಟ್ಟು ಬೇರೆ ಬಣ್ಣವಿದೆಯೆಂದೇ ಒಪ್ಪುವ ಆಸಾಮಿಯಲ್ಲ. "ನಾಕು ಹಂಸ ಬಿಡೋ ತಮ್ಮಾ, ಛಂದ ಕಾಣತೈತಿ" ಅಂದಿದ್ದ.

ಒಪ್ಪಿದವಳು ಹೆಂಡತಿ ಜಯವ್ವ ಒಬ್ಬಳೇ. ಮೊದಲ ಸಲ ಅದರ ಮುಂದೆ ನಿಂತವಳು ಸೆರಗನ್ನು ಹೆಗಲ ತುಂಬ ಹೊದ್ದುಕೊಂಡಳು. "ಥಂಡಿ ಹತ್ತತೈತ್ರಿ" ಅಂದಳು. ಮಾಲತೇಶಪ್ಪನಿಗೆ ಅಷ್ಟಕ್ಕೇ ಜನ್ಮ ಸಾರ್ಥಕವಾಯಿತು. ಗಾಜು ಹಾಕಿಸುತ್ತೇನೆಂದರೆ ಅದಕ್ಕೂ ಬಿಡಲಿಲ್ಲ: "ಗಾಜಿನ್ಯಾಗ ನಮ್ಮ ಮಾರೀನ ಕಾಣತಾವು, ಕೆರಿ ಕಾಣಂಗಿಲ್ಲ."

ಚಿತ್ರದ ಮೂಲೆಯಲ್ಲಿ, ನೀರಿನ ಅಂಚಿಗೆ, ಒಂದು ಮಬ್ಬು ಕಲೆಯಿತ್ತು. ಅದು ಕೊಡ ಹೊತ್ತ ಜಯವ್ವ. ಮದುವೆಯ ಹೊಸತರಲ್ಲಿ ಆಕೆಯ ತವರು ಕದರಮಂಡಲಗಿಯ ಕೆರೆ ದಂಡೆಯಲ್ಲಿ ಕಂಡಂತೆ ಬರೆದಿದ್ದ. "ಯಾರಿಗೂ ಹೇಳಬ್ಯಾಡ್ರಿ, ನಗತಾರ" ಎಂದು ಆಕೆ ಆಣೆ ಮಾಡಿಸಿಕೊಂಡಿದ್ದಳು. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆಂದು ಹೆದರುವ ಜೀವ. ತೆಗೆಸದೆಯೂ ಹೋದ ವರ್ಷ ಕಾಮಾಲೆಯಲ್ಲಿ ಹೋಗಿಬಿಟ್ಟಳು! ಹಾರ ಹಾಕಲು ಗೋಡೆಯ ಮೇಲೆ ಒಂದು ಪಟವೂ ಇಲ್ಲ. ಮಾಲತೇಶಪ್ಪ ದಿನಾ ಬೆಳಗ್ಗೆ ಚಹಾ ಹಿಡಿದು ಆ ಕಲೆಯ ಮುಂದೆ ಕೂರುತ್ತಿದ್ದ. ಇನ್ನೊಂಚೂರು ಮಂಜು ಸರಿದರೆ ಆಕೆ ತಿರುಗಿ ನೋಡುತ್ತಾಳೆ ಅನಿಸುತ್ತಿತ್ತು.

ದೀಪಾವಳಿಗೆಂದು ರಾಣೆಬೆನ್ನೂರಿನ ಅಕ್ಕನಿಗೆ ಸೀರೆ ಕೊಡಲು ಹೋದವನು ನರಕ ಚತುರ್ದಶಿಯ ದಿನ ಮೊದಲ ಬಸ್ಸಿಗೆ ಮರಳಿದ. ಪಡಸಾಲೆಯಲ್ಲಿ ಗೋಣೆಪ್ಪ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಹಿಗ್ಗಿ ನಿಂತಿದ್ದ.

"ನೋಡೋ ತಮ್ಮಾ, ನಿನ್ನ ಕೆರಿ ಈಗ ಕೆರಿ ಆಗೈತಿ!"

ಬ್ಯಾಡಗಿಯಲ್ಲಿ ದೇವರ ಮೈಮೇಲೂ ಮೆಣಸಿನಕಾಯಿ ಧೂಳು. ಹಬ್ಬ ಬಂತೆಂದರೆ ಬಾಗಿಲು, ಡಬ್ಬಿ, ಪಟ ಎಲ್ಲದಕ್ಕೂ ಸೀಮೆಎಣ್ಣೆ, ಸೋಡಾ ಹಾಕಿ ತಿಕ್ಕುವುದೇ. ಎಣ್ಣೆಬಣ್ಣವನ್ನು ಟರ್ಪಂಟೈನಿನಲ್ಲಿ ಕದಡಿ ತೆಳ್ಳಗೆ ಎಳೆದ ಮಂಜು ಆ ತಿಕ್ಕಾಟಕ್ಕೆ ಉಳಿದೀತೇ? ತಳದ ನೀಲಿ ಕಣ್ಣಿಗೆ ರಾಚುತ್ತಿತ್ತು.

"ಎಷ್ಟು ವರ್ಷದ ಧೂಳು ಕುಂತಿತ್ತೋ ಮಾರಾಯ! ನಾನ ತಿಕ್ಕೇನಿ. ಆ ಮೂಲ್ಯಾಗ ಒಂದು ಕಲಿ ಇತ್ತು, ಹಾಳಾದ್ದು ಹೋಗವಲ್ದು. ಉಗುರಲೆ ಕೆರೆದು, ಅರಿವೀಲೆ ಒರೆಸಿ ತಗದೇನಿ."

ಮಾಲತೇಶಪ್ಪ ಆ ಮೂಲೆಯ ಮೇಲೆ ಬೆರಳಾಡಿಸಿದ. ಏನೆಂದು ಬೈಯುವುದು? ಅಣ್ಣ ತಮ್ಮನ ಮೇಲಿನ ಪ್ರೀತಿಗೇ ತಿಕ್ಕಿದ್ದ. ಆ ಪ್ರೀತಿಗೆ ಬೆಂಕಿ ಬೀಳಲಿ ಅನಿಸಿತು. ಅದು ಯಾರೆಂದು ತಾನಾದರೂ ಬಾಯಿಬಿಟ್ಟಿದ್ದನೇ?

ಅತ್ತಿಗೆ ಚೌಡವ್ವ ಒಳಗಿನಿಂದ ಬಂದು ಚಿತ್ರದ ಮುಂದೆ ನಿಂತಳು. "ಈಗ ಬಿಸಲು ಬಿದ್ದಂಗ ಆತು ನೋಡ್ರಿ" ಎಂದು ಸೆರಗಿನಿಂದ ಗಾಳಿ ಬೀಸಿಕೊಂಡಳು.

"ವೈನಿ, ಆ ತಿಕ್ಕಿದ ಅರಿವಿ ಎಲ್ಲೈತಿ?" ಆ ಬಟ್ಟೆಯಲ್ಲಾದರೂ ಕಲೆ ಉಳಿದೀತೆಂದು ಮಾಲತೇಶಪ್ಪ ಕೇಳಿದ.

"ಹೊಲಸು ಅರಿವಿ ಯಾಕ್ರಿ ನಿಮಗ?"

"ಎಲ್ಲೈತಿ ಹೇಳ್ರಿ."

"ಬಚ್ಚಲ ಒಲಿಗೆ ಹಾಕೇನಿ. ಸೀಮೆಎಣ್ಣಿ ಕುಡದಿತ್ತಲ್ಲ, ಲಗೂ ಹತ್ತಿಕೊಂತು. ನೀರು ಕಾದಾವು, ಮೊದಲ ನೀವ ಎರಕೋರಿ."

ಹಬ್ಬದ ದಿನ ಒಲ್ಲೆ ಅನ್ನುವಂತಿಲ್ಲ. ಮಾಲತೇಶಪ್ಪ ಬಚ್ಚಲಿಗೆ ಹೋಗಿ ಕೂತ. ಆ ಬಿಸಿನೀರನ್ನು ಎಷ್ಟು ಸುರಿದುಕೊಂಡರೂ ಅವನಿಗೆ ಥಂಡಿ ಬಿಡಲಿಲ್ಲ.