ಬಾನೆಟ್ಟಿನ ಮೇಲಿನ ಹಿಕ್ಕೆ

ಹಲ್ಲಿನ ಡಾಕ್ಟರಮ್ಮ ಜಗಳಕ್ಕೆ ಬಂದಿದ್ದರೆ ಪೇಂಟರ್ ಸುಲಭವಾಗಿ ಗೆದ್ದುಬಿಡುತ್ತಿದ್ದ. ಆಕೆ ದನಿಯನ್ನೇ ಎತ್ತಲಿಲ್ಲ. ಎರಡು ತಿಂಗಳ ಹಿಂದೆ ಅವನೇ ಬಣ್ಣ ಹೊಡೆದುಕೊಟ್ಟಿದ್ದ ಕಪ್ಪು ಕಾರಿನ ಬಾನೆಟ್ ತೋರಿಸಿದರು. ಹಕ್ಕಿಯ ಹಿಕ್ಕೆ ಬಿದ್ದಲ್ಲೆಲ್ಲ ಮಬ್ಬು ಕಲೆ, ಎಷ್ಟು ತಿಕ್ಕಿದರೂ ಹೋಗದ್ದು.

ಹಿಕ್ಕೆಯ ಖಾರಕ್ಕೆ ಯಾವ ಬಣ್ಣವೂ ತಡೆಯುವುದಿಲ್ಲ ಎಂದು ಅವನು ವಾದ ಹೂಡಿದ.

"ಪಕ್ಕದ ಕಾರಿನ ಮೇಲೂ ಬಿದ್ದಿತ್ತು," ಎಂದರು ಆಕೆ. "ಒರೆಸಿದ್ರು, ಹೋಯ್ತು."

ಮೂವತ್ತು ವರ್ಷ ಪಳಗಿದ ಕೈ ಅವನದು. ಆ ಮಾತು ಹಲ್ಲಿನ ಸಂದಿಗೆ ಸಿಕ್ಕಿದ ನಾರಿನಂತೆ ಕಾಡಿತು. ಒಂದು ವಾರ ಕೊಡಿ, ತಪ್ಪು ಹಕ್ಕಿಯದೇ ಎಂದು ತೋರಿಸುತ್ತೇನೆ ಎಂದ. ಬೇರೆ ಕಡೆ ಹೋಗುವುದಾದರೂ ಕನ್ನಡಕ ಹಾಕಿದ ಪೇಂಟರ್ ಹತ್ತಿರ ಮಾತ್ರ ಕಾರು ಬಿಡಬೇಡಿ ಎಂದೂ ಸೇರಿಸಿದ. ಎದುರು ಶೆಡ್ಡಿನ ಕನ್ನಡಕದ ಪೇಂಟರನ್ನು ಆಡಿಕೊಳ್ಳಲು ಅವನು ಎಲ್ಲರಿಗೂ ಹೇಳುತ್ತಿದ್ದ ಮಾತು ಅದು.

ಗುಜರಿಯಿಂದ ಹಳೆಯ ಬಾನೆಟ್ ತಂದ. ಶೆಡ್ಡಿನಲ್ಲಿ ಅವನ ಜೊತೆ ದುಡಿಯುವ ಮಗಳು ಒಂದು ಷರತ್ತು ಹಾಕಿದಳು: ಅರ್ಧಭಾಗಕ್ಕೆ ಹೊಡೆಯುವ ಮೇಲಿನ ಹೊಳಪು ಕೋಟಿಂಗಿಗೆ ಅವನು ಹಾರ್ಡ್‌ನರ್ ಬೆರೆಸಬೇಕು, ಇನ್ನರ್ಧದ್ದಕ್ಕೆ ತಾನು, ಹೊಡೆಯುವವನು ಅವನೇ. ಹಾರ್ಡ್‌ನರ್ ಕಡಿಮೆಯಾದರೆ ಕೋಟಿಂಗ್ ಗಟ್ಟಿಯಾಗುವುದಿಲ್ಲ ಎಂದು ಅವಳಿಗೆ ಕಲಿಸಿದವನೇ ಅವನು. ಅಜ್ಜಿಗೇ ಕೆಮ್ಮು ಕಲಿಸಲು ಹೊರಟಳು ಎಂದು ನಕ್ಕು ಒಪ್ಪಿದ.

ಬಾನೆಟ್ ಒಣಗಿಸಿ ಶೆಡ್ಡಿನ ಹಿಂದಿನ ಮರದ ಕೆಳಗಿಟ್ಟ. ಹಸಿ ಬಣ್ಣ ಕಂಡರೆ ಸಾಕು ಹಾರಿಬರುತ್ತಿದ್ದ ಪಾರಿವಾಳಗಳು ಎರಡು ದಿನ ಅತ್ತ ಸುಳಿಯಲೇ ಇಲ್ಲ. ಜೀವಮಾನವೆಲ್ಲ ಹುಶ್ ಹುಶ್ ಎಂದು ಓಡಿಸಿದವನು ಈಗ ಕಾಳು ಎರಚಿ ಕರೆದ. ಕುರ್ಚಿ ಹಾಕಿಕೊಂಡು ಕಾದ. ಅವನ ತಲೆಯ ಮೇಲೆ ಎರಡು ಸಲ ಬಿತ್ತು, ಬಾನೆಟ್ಟಿನ ಮೇಲೆ ಒಂದು ಸಲವೂ ಇಲ್ಲ. ಸೋಲುವವನಲ್ಲ ಅವನು, ಕುರ್ಚಿ ಇದ್ದ ಜಾಗಕ್ಕೇ ಬಾನೆಟ್ ಎಳೆದಿಟ್ಟ. ಬೆಳಗಾಗುವಷ್ಟರಲ್ಲಿ ಎರಡೂ ಭಾಗ ಭರ್ತಿಯಾಗಿತ್ತು.

ಮೂರು ದಿನ ಬಿಸಿಲಿಗೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿದ. ಮಗಳು ಬೆರೆಸಿದ ಭಾಗ ಫಳಫಳ ಹೊಳೆಯಿತು. ಅವನ ಭಾಗದಲ್ಲಿ ಡಾಕ್ಟರಮ್ಮನ ಕಾರಿನಲ್ಲಿದ್ದ ಕಲೆಗಳೇ. ಮರ ಒಂದೇ, ಹಕ್ಕಿಗಳು ಅವೇ, ಹೊಡೆದ ಕೈಯೂ ಒಂದೇ.

ಹಾರ್ಡ್‌ನರ್ ಅಳೆಯುವ ಲೋಟವನ್ನು ಬಾಗಿಲ ಬೆಳಕಿಗೆ ಒಯ್ದ. ಹತ್ತಿರ ಹಿಡಿದ, ದೂರ ಹಿಡಿದ. ಸಣ್ಣ ಗೆರೆಗಳು ಒಂದಕ್ಕೊಂದು ಅಂಟಿಕೊಂಡಂತೆ ಕಂಡವು. ಇಷ್ಟು ದಿನ ತಾನು ಅಳೆಯುತ್ತಿರಲಿಲ್ಲ, ಅಂದಾಜಿನ ಮೇಲೆ ಸುರಿಯುತ್ತಿದ್ದೆ ಎಂದು ಅವನಿಗೆ ಆಗ ತಿಳಿಯಿತು.

"ನಿಂಗೆ ಮೊದ್ಲೇ ಗೊತ್ತಿತ್ತಾ?"

"ಹೇಳಿದ್ರೆ ನಂಬ್ತಿದ್ಯಾ ಅಪ್ಪಾ?" ಎಂದಳು ಮಗಳು.

ನಂಬುತ್ತಿರಲಿಲ್ಲ. ತೋರಿಸುತ್ತೇನೆ ಎಂದು ಮಾತು ಕೊಟ್ಟಾಗಿತ್ತು, ಇನ್ನು ತೋರಿಸಲೇಬೇಕು. ಬಾನೆಟ್ಟನ್ನು ಹೊತ್ತು ತಂದು ಶೆಡ್ಡಿನ ಬಾಗಿಲಲ್ಲಿ, ಬಂದವರಿಗೆಲ್ಲ ಕಾಣುವಂತೆ ನಿಲ್ಲಿಸಿದ. ಆಮೇಲೆ ಪೇಟೆಗೆ ಹೋದ.

ಡಾಕ್ಟರಮ್ಮ ಬಂದಾಗ ಎರಡೂ ಭಾಗಗಳನ್ನು ತೋರಿಸಿದ. "ತಪ್ಪು ಹಕ್ಕೀದಲ್ಲ ಮೇಡಂ, ನಂದು. ಪೂರ್ತಿ ಕೆರೆದು ಮತ್ತೆ ಹೊಡೀತೀನಿ."

ಆಕೆ ಬಾನೆಟ್ ನೋಡಲಿಲ್ಲ, ಅವನ ಮೂಗಿನ ಮೇಲಿದ್ದ ಹೊಸ ಕನ್ನಡಕ ನೋಡಿದರು. "ಕನ್ನಡಕ ಹಾಕಿದ ಪೇಂಟರ್ ಹತ್ರ ಕಾರು ಬಿಡಬೇಡಿ ಅಂತ ನೀವೇ ಹೇಳಿದ್ರಲ್ಲ?"

"ಹೇಳಿದ್ದೆ. ಆಗ ನಂಗೆ ಕಣ್ಣು ಕಾಣಿಸ್ತಿರ್ಲಿಲ್ಲ."

ಆಕೆ ಕಾರಿನ ಕೀಲಿಯನ್ನು ಅವನ ಕೈಗಿಟ್ಟರು.