ಹೊಟ್ಟೆಯೊಳಗೆ ಉಳಿದ ಬಟ್ಟೆ

ದೂರು ಕೊಡಬೇಕೇ? ಯಾರ ಮೇಲೆ? ಹೆಂಡತಿಯ ಹೊಟ್ಟೆಯ ಗೆಡ್ಡೆ ತೆಗೆದು ಜೀವ ಉಳಿಸಿದ ಡಾಕ್ಟರ ಮೇಲೆಯೇ? ಅವರಿಗೇನು ಇವಳ ಮೇಲೆ ಹಗೆಯೇ? ದಿನವೂ ಎಷ್ಟು ಜನರನ್ನು ನೋಡುತ್ತಾರೋ ಪಾಪ, ಕಣ್ತಪ್ಪಿ ಆಗಿಹೋಯಿತು. ಈಗ ಇವಳು ಓಡಾಡುತ್ತಿದ್ದಾಳೆ, ಊಟ ಸೇರುತ್ತಿದೆ. ದೊಡ್ಡವರನ್ನು ಎದುರು ಹಾಕಿಕೊಂಡರೆ ನಾಳೆ ಜ್ವರ ಬಂದಾಗ ಯಾರ ಬಾಗಿಲು ತಟ್ಟುವುದು?

ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ದರ್ಜಿ ಹೀಗೆ ಯೋಚಿಸುತ್ತಿದ್ದ. ಅವನೆದುರು ತೋಳು ಚಾಚಿ ನಿಂತಿದ್ದವರು ವಕೀಲಮ್ಮ. ಉಚಿತ ಕಾನೂನು ನೆರವು ಕೇಂದ್ರದಲ್ಲಿ ಅವರ ಕೆಲಸ. ಅವರ ಕರಿ ಕೋಟಿನ ತೋಳು ಉದ್ದವಾಗಿತ್ತು. ದರ್ಜಿ ಮಡಚಿ ಪಿನ್ನು ಹಾಕುತ್ತಿದ್ದ. ಹೊಲಿಗೆ ಯಂತ್ರದ ಪಕ್ಕ ಕೂತು ಅಂಗಿಗೆ ಗುಂಡಿ ಹಾಕುತ್ತಿದ್ದ ಅವನ ಹೆಂಡತಿಯೇ ಮಾತು ತೆಗೆದಿದ್ದಳು.

"ಆಪರೇಷನ್ ಆದಮೇಲೂ ನೋವು ನಿಲ್ಲಲಿಲ್ಲ ವಕೀಲಮ್ಮ. ಡಾಕ್ಟ್ರು ಮೊದಲು ಗ್ಯಾಸು ಅಂದ್ರು. ಆಮೇಲೆ ಭ್ರಮೆ ಅಂದ್ರು. ಕೊನೆಗೆ 'ಮನೆಗೆಲಸ ತಪ್ಪಿಸ್ಕೊಳ್ಳೋಕೆ ನಾಟಕ' ಅಂತ ಎಲ್ಲರೆದುರಿಗೇ ನಕ್ಕುಬಿಟ್ರು."

"ಆಮೇಲೆ?"

"ಜ್ವರ ಏರಿ ಬಿದ್ದೆ. ದೊಡ್ಡಾಸ್ಪತ್ರೆಯಲ್ಲಿ ಮತ್ತೆ ಹೊಟ್ಟೆ ಕೊಯ್ದರು. ಒಳಗೆ ರಕ್ತ ಒರೆಸೋ ಬಟ್ಟೆ ಇತ್ತು. ಮೊದಲನೆಯವರು ತೆಗೆಯೋದನ್ನೇ ಮರೆತಿದ್ರು."

ವಕೀಲಮ್ಮ ತೋಳು ಕೆಳಗಿಳಿಸಿದರು. ಪಿನ್ನು ಚುಚ್ಚಿದ್ದೂ ಅವರಿಗೆ ತಿಳಿಯಲಿಲ್ಲ. "ದೂರು ಕೊಟ್ರಾ ಅಕ್ಕ?"

ಅವಳು ಗಂಡನ ಕಡೆ ನೋಡಿದಳು. ದರ್ಜಿ ಬಾಯಿಂದ ಪಿನ್ನುಗಳನ್ನು ತೆಗೆದು, "ಬಿಡಿ ವಕೀಲಮ್ಮ, ನಮ್ಮ ಹಣೆಬರಹ" ಎಂದ.

"ಅಣ್ಣ, ನೀವು ಈ ಕೋಟಿನೊಳಗೆ ಪಿನ್ನು ಮರೆತು ಲೈನಿಂಗ್ ಹೊಲಿದುಬಿಟ್ರಿ ಅಂತಿಟ್ಕೊಳ್ಳಿ. ಚುಚ್ಚುತ್ತೆ ಅಂತ ನಾನು ಬಂದ್ರೆ, ನಿನ್ನ ಹಣೆಬರಹ ಅಂತೀರಾ?"

"ಛೆ ಛೆ! ಬಿಚ್ಚಿ ನೋಡ್ತೀನಿ."

"ಭ್ರಮೆ ಅಂತ ನಗಲ್ವಾ?"

ದರ್ಜಿ ಪಿನ್ನುಗಳನ್ನು ಡಬ್ಬಿಗೆ ಹಾಕಿ ಮುಚ್ಚಿದ.

"ಕೋಟಿನ ಮೇಲಿರೋ ಕನಿಕರ ಇವರಿಗೆ ನನ್ನ ಹೊಟ್ಟೆ ಮೇಲಿಲ್ಲ," ಎಂದು ಹೆಂಡತಿ ದಾರ ಕಚ್ಚಿ ತುಂಡು ಮಾಡಿದಳು.

ವಕೀಲಮ್ಮ ಸ್ಟೂಲಿನ ಮೇಲೆ ಕೂತರು. "ಕಾಯಿಲೆ ವಾಸಿಯಾಗದಿದ್ರೆಲ್ಲ ಡಾಕ್ಟರ ತಪ್ಪು ಅಂತಲ್ಲ. ಎಲ್ಲ ಎಚ್ಚರಿಕೆ ತಗೊಂಡ್ರೂ ಕೆಲವು ಸಲ ಕೈ ಮೀರುತ್ತೆ. ಆದ್ರೆ ತಗೋಬೇಕಾದ ಎಚ್ಚರಿಕೆ ತಗೊಳ್ಳದೆ ರೋಗಿಗೆ ಹಾನಿಯಾದ್ರೆ ಅದು ನಿರ್ಲಕ್ಷ್ಯ. ಹೊಲಿಗೆ ಹಾಕೋ ಮುಂಚೆ, ಒಳಗಿಟ್ಟ ಬಟ್ಟೆಯೆಲ್ಲ ಹೊರಗೆ ಬಂತಾ ಅಂತ ಎಣಿಸ್ಲೇಬೇಕು. ಎಲ್ಲಿ, ಮೊದಲನೇ ಆಸ್ಪತ್ರೆ ಕಾಗದ ತೋರಿಸಿ."

"ಹರಿದು ಹಾಕಿದೆ," ಎಂದ ದರ್ಜಿ.

ಅದು ಕಸುಬಿನ ಚಾಳಿ. ಬಟ್ಟೆಗೆ ಸಿಕ್ಕಿಸಿದ ಅಳತೆ ಚೀಟಿಯನ್ನು, ಗಿರಾಕಿ ಬಟ್ಟೆ ಒಯ್ದ ಕೂಡಲೇ ಹರಿದು ಚಿಂದಿ ಬುಟ್ಟಿಗೆ ಹಾಕುತ್ತಾನೆ. ಚೀಟಿ ಕಣ್ಣಿಗೆ ಬಿದ್ದರೆ ಕೆಲಸ ಬಾಕಿ ಇದೆ ಎಂದರ್ಥ. ಆಪರೇಷನ್ ಮುಗಿಸಿ ಹೆಂಡತಿಯನ್ನು ಮನೆಗೆ ಕರೆತಂದ ದಿನವೂ ಕೈ ತನ್ನಷ್ಟಕ್ಕೆ ಅದೇ ಕೆಲಸ ಮಾಡಿತ್ತು.

"ಹಾಗಾದ್ರೆ ಮುಗೀತಲ್ವಾ?" ಎಂದು ಕೇಳಿದ. ದನಿಯಲ್ಲಿ ಒಂದಿಷ್ಟು ನಿರಾಳವೂ ಇತ್ತು.

"ಎಲ್ಲಿ ಮುಗೀತು? ನೀವು ಹರಿದದ್ದು ನಿಮ್ಮ ಪ್ರತಿ. ಚಿಕಿತ್ಸೆಯ ದಾಖಲೆ ಆಸ್ಪತ್ರೆಯಲ್ಲಿ ಇರುತ್ತೆ. ಅರ್ಜಿ ಬರೆದು ನಕಲು ಕೇಳಿ. ಕೊಡೋದು ಅವರ ಔದಾರ್ಯ ಅಲ್ಲ, ಪಡೆಯೋದು ನಿಮ್ಮ ಹಕ್ಕು. ಅರ್ಜಿ ತಲುಪಿತು ಅಂತ ಮೊಹರು ಹಾಕಿಸ್ಕೊಳ್ಳೋದು ಮರೀಬೇಡಿ. ದೊಡ್ಡಾಸ್ಪತ್ರೆ ಕಾಗದ?"

"ಅದು ಭದ್ರವಾಗಿದೆ," ಎಂದಳು ಹೆಂಡತಿ. "ಇವರ ಕೈಗೇ ಕೊಟ್ಟಿಲ್ಲ."

ವಕೀಲಮ್ಮ ಜೋರಾಗಿ ನಕ್ಕರು. ಆಮೇಲೆ ನಿಧಾನವಾಗಿ ವಿವರಿಸಿದರು. ಮೊದಲು ಆಸ್ಪತ್ರೆಯ ಮುಖ್ಯಸ್ಥರಿಗೆ ಲಿಖಿತ ದೂರು. ಡಾಕ್ಟರು ನಡೆದುಕೊಂಡ ರೀತಿಯನ್ನು ವಿಚಾರಿಸಲು ವೈದ್ಯಕೀಯ ಮಂಡಳಿ. ಆದ ಹಾನಿಗೆ ಪರಿಹಾರ ಕೇಳಲು ಗ್ರಾಹಕ ನ್ಯಾಯಾಲಯ. ವಕೀಲರನ್ನಿಡುವ ಶಕ್ತಿ ಇಲ್ಲದವರಿಗೆ ಕಾನೂನು ನೆರವು ಕೇಂದ್ರ. "ಆದ್ರೆ ದೂರಿಗೆ ಕಾಲಮಿತಿ ಇರುತ್ತೆ ಅಣ್ಣ. ಅದು ದಾಟಿದ್ರೆ ನಾನೂ ಕೈ ಚೆಲ್ಲಬೇಕಾಗುತ್ತೆ."

"ದುಡ್ಡಿನಾಸೆಗೆ ಮಾಡಿದ್ರು ಅಂತಾರೆ ಜನ."

ಹೆಂಡತಿ ಸೂಜಿ ಕೆಳಗಿಟ್ಟಳು. "ನಂಗೆ ಬೇಕಾಗಿರೋದು ಒಂದು ಮಾತು ಕಣ್ರೀ. ನಾನು ಸುಳ್ಳು ಹೇಳಿರಲಿಲ್ಲ ಅಂತ ಅವರ ಬಾಯಿಂದ್ಲೇ ಬರಬೇಕು. ಗೋಡೆ ಹಿಡ್ಕೊಂಡು ಓಡಾಡಿದವಳು ನಾನು."

ಮೇಜಿನ ಮೇಲಿದ್ದ ಸೀಮೆಸುಣ್ಣದ ತುಂಡನ್ನು ದರ್ಜಿ ಬೆರಳಲ್ಲಿ ಹೊಸಕಿ ಹೊಸಕಿ ಪುಡಿ ಮಾಡಿದ. ಆಮೇಲೆ ಕೇಳಿದ: "ಅರ್ಜಿ ಹೇಗೆ ಬರೀಬೇಕು?"

ಮೊದಲನೇ ಆಸ್ಪತ್ರೆಯ ಕೌಂಟರಿನಲ್ಲಿದ್ದವನು ಅರ್ಜಿ ನೋಡಿ ಮುಖ ಸಿಂಡರಿಸಿದ. "ಇದನ್ನೆಲ್ಲ ಹೊರಗಿನವರಿಗೆ ಕೊಡಲ್ಲ."

"ಹೊಟ್ಟೆ ನಂದು," ಎಂದಳು ಹೆಂಡತಿ. "ನಾನು ಹೊರಗಿನವಳು ಹೇಗಾದೆ?"

ಸಾಲಿನಲ್ಲಿದ್ದವರು ನಕ್ಕರು. ದರ್ಜಿಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಕೂಗಾಡಬೇಡಿ, ಯಾರ ಮೇಲೂ ಕೈ ಎತ್ತಬೇಡಿ ಎಂದು ವಕೀಲಮ್ಮ ಹೇಳಿ ಕಳಿಸಿದ್ದರು. ಅವನು ತಣ್ಣಗೆ, "ಕೊಡಲ್ಲ ಅಂತ ಬರೆದುಕೊಡಿ ಸ್ವಾಮಿ, ಹೋಗ್ತೀವಿ" ಎಂದ. ಕೌಂಟರಿನವನು ಒಳಗೆ ಹೋಗಿ ಬಂದ. ಬಂದವನು ಅರ್ಜಿಗೆ ಮೊಹರು ಒತ್ತಿದ. ಕೆಲವೇ ದಿನಗಳಲ್ಲಿ ನಕಲು ಕೈಗೆ ಬಂತು.

ಆಸ್ಪತ್ರೆಯ ಮುಖ್ಯಸ್ಥರು ದೂರಿಗೆ ಉತ್ತರವನ್ನೇ ಕೊಡಲಿಲ್ಲ. ಪ್ರಕರಣ ಗ್ರಾಹಕ ನ್ಯಾಯಾಲಯಕ್ಕೆ ಹೋಯಿತು. ಬೇಗ ಮುಗಿಯಲಿಲ್ಲ, ಅಂಗಡಿಗೆ ಬೀಗ ಹಾಕಿ ಇಬ್ಬರೂ ಮತ್ತೆ ಮತ್ತೆ ಅಲೆದರು. ಬೇರೊಬ್ಬ ಶಸ್ತ್ರಚಿಕಿತ್ಸಕರು ದಾಖಲೆಗಳನ್ನೆಲ್ಲ ನೋಡಿ, ಇದು ಆಗಲೇಬಾರದಿದ್ದ ತಪ್ಪು ಎಂದು ಅಭಿಪ್ರಾಯ ಕೊಟ್ಟರು. ವಕೀಲಮ್ಮ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದಾಗ, ಮೊದಲು ಆಪರೇಷನ್ ಮಾಡಿದ್ದ ಡಾಕ್ಟರು ಕನ್ನಡಕ ತೆಗೆದು, ಮೊದಲ ಬಾರಿಗೆ ಅವಳ ಮುಖ ನೋಡಿದರು.

"ಇವರು ಹೇಳಿದ್ದು ನಿಜ," ಎಂದರು. "ನೋವು ಅಂದಾಗ ನಾನು ಪರೀಕ್ಷೆ ಮಾಡಬೇಕಿತ್ತು. ನಗಬಾರದಿತ್ತು. ಕ್ಷಮಿಸಿ."

ಪರಿಹಾರ ಕೊಡಬೇಕೆಂದು ತೀರ್ಪು ಬಂತು. ಆದರೆ ಅವಳು ಗೆದ್ದದ್ದು ಆ ಮಾತಿನ ಕ್ಷಣದಲ್ಲೇ. ಹೊರಗಿನ ಮೆಟ್ಟಿಲ ಮೇಲೆ ನಿಂತು, "ಕೇಳಿಸ್ತೇನ್ರೀ?" ಎಂದಳು.

"ಕೇಳಿಸ್ತು ಕಣೇ."

"ಇನ್ನೊಂದ್ಸಲ ಹೇಳಿ, ಏನಂದ್ರು?"

ಅವನು ಹೇಳಿದ. ಅವಳು ಬಸ್ಸು ಬರುವವರೆಗೂ ಮತ್ತೆ ಮತ್ತೆ ಹೇಳಿಸಿದಳು. ಸಂಜೆಯ ಹೊತ್ತಿಗೆ ಬೀದಿಯ ಹೆಂಗಸರೆಲ್ಲ ಅಂಗಡಿಯಲ್ಲಿ ಸೇರಿದ್ದರು. ಅವಳು ಕೈ ಬೀಸಿ ಬೀಸಿ ವರ್ಣಿಸುತ್ತಿದ್ದಳು, ಡಾಕ್ಟರ ದನಿಯಲ್ಲೇ. ಹೆಂಗಸರ ನಗೆಗೆ ಎದುರು ಮನೆಯವರೂ ಬಾಗಿಲಿಗೆ ಬಂದರು.

ಬಂಧುಗಳೇ, ಡಾಕ್ಟರನ್ನು ಗೌರವಿಸಿ, ಪ್ರಶ್ನೆಯನ್ನೂ ಕೇಳಿ. ಏನು ಚಿಕಿತ್ಸೆ, ಏಕೆ, ಅಪಾಯವೇನು ಎಂದು ತಿಳಿದ ಮೇಲೆಯೇ ಒಪ್ಪಿಗೆಗೆ ಸಹಿ ಹಾಕಿ. ಅನುಮಾನವಿದ್ದರೆ ಇನ್ನೊಬ್ಬ ಡಾಕ್ಟರನ್ನು ಕಾಣಿ. ಆಸ್ಪತ್ರೆಯ ಒಂದು ಚೀಟಿಯನ್ನೂ ಎಸೆಯಬೇಡಿ. ಕಳೆದರೆ ನಕಲು ಕೇಳಿ ಪಡೆಯಿರಿ. ಅನ್ಯಾಯವಾದರೆ ತಡಮಾಡದೆ ಹತ್ತಿರದ ಕಾನೂನು ನೆರವು ಕೇಂದ್ರಕ್ಕೆ ಹೋಗಿ. ಮತ್ತೆ, ಮನೆಯವರು ನೋವು ಎಂದರೆ ಮೊದಲು ನೀವು ನಂಬಿ.

ಅವಳು ಗೋಡೆ ಹಿಡಿದು ಓಡಾಡಿದ ಆ ದಿನಗಳಲ್ಲಿ ತಾನೂ ಅವಳನ್ನು ನಂಬಿರಲಿಲ್ಲ ಎಂಬುದನ್ನು ದರ್ಜಿ ಹೆಂಡತಿಗೆ ಯಾವತ್ತೂ ಹೇಳಲಿಲ್ಲ.